ಮಳೆನೀರು ಮೊದಲು ಯಾವ ಬೀದಿಗೆ?

ಇಂಗ್ಲಿಷ್ ಬರವಣಿಗೆ ಎಂದರೆ ನಮ್ಮ ಶಾಲೆಗಳಲ್ಲಿ ಬಹುಕಾಲ ‘ದಿ ಕೌ’ ಪ್ರಬಂಧದ ಬಾಯಿಪಾಠ. ಹಸುವಿಗೆ ನಾಲ್ಕು ಕಾಲು ಎಂಬುದು ಬರೆಯುವ ಹುಡುಗಿಗೂ ಗೊತ್ತು, ತಿದ್ದುವ ಮೇಷ್ಟ್ರಿಗೂ ಗೊತ್ತು. ಇಬ್ಬರಿಗೂ ಗೊತ್ತಿರುವುದನ್ನು ಮತ್ತೆ ಬರೆದು ಆಗಬೇಕಾದ್ದೇನು? ಗೊತ್ತಿಲ್ಲದ್ದನ್ನು ಕೇಳಿ, ಹುಡುಕಿಸಿ, ಸಿಕ್ಕಿದ್ದನ್ನು ಬರೆಸುವ ಮೇಷ್ಟ್ರುಗಳ ಕಸುಬೇ ಬೇರೆ. ಅದಕ್ಕೆ ಬೆಂಗಳೂರಿನದೇ ಒಂದು ಪರಂಪರೆಯೂ ಇದೆ.

1963ರಲ್ಲಿ ಆರಂಭವಾಗಿ ಈಗ ಜ್ಞಾನಭಾರತಿ ಆವರಣದಲ್ಲಿರುವ ಆರ್‌ಐಇಎಸ್‌ಐ ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಸಂಸ್ಥೆ. 1979ರಲ್ಲಿ ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರು ಇದರ ಜೊತೆಗೂಡಿ ಕೆಲವು ಶಾಲೆಗಳಲ್ಲಿ ಶುರುಮಾಡಿದ ಐದು ವರ್ಷಗಳ ಪ್ರಯೋಗ ಲೋಕದಲ್ಲೆಲ್ಲ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಹೆಸರಾಯಿತು. ವ್ಯಾಕರಣದ ಪಾಠ ಅಲ್ಲಿರಲಿಲ್ಲ. ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಮುಂದಿಟ್ಟು ಒಂದು ಲೆಕ್ಕ: ಹತ್ತು ಗಂಟೆಯೊಳಗೆ ಊರು ಮುಟ್ಟಬೇಕಾದರೆ ಯಾವ ಗಾಡಿ ಹಿಡಿಯಬೇಕು? ಮೊದಲು ಅದೇ ಬಗೆಯ ಒಂದನ್ನು ಮೇಷ್ಟ್ರು ಇಡೀ ತರಗತಿಯೊಡನೆ ಮಾತಾಡುತ್ತ ಬಿಡಿಸುತ್ತಾರೆ. ಬೇಕಾದ ಇಂಗ್ಲಿಷ್ ಅಷ್ಟರಲ್ಲೇ ಕಿವಿಗೆ ಬಿದ್ದಿರುತ್ತದೆ. ಆಮೇಲೆ ಇನ್ನೊಂದನ್ನು ಪ್ರತಿ ಮಗುವೂ ಒಂಟಿಯಾಗಿ ಬಿಡಿಸಬೇಕು. ಅಂಕ ಬೀಳುವುದು ಉತ್ತರಕ್ಕೆ, ವಾಕ್ಯರಚನೆಗಲ್ಲ. ಗುಂಪುಚಟುವಟಿಕೆಯೇ ಸರ್ವರೋಗಕ್ಕೂ ಮದ್ದು ಎನ್ನುವ ಇಂದಿನವರಿಗೆ ಅಚ್ಚರಿಯಾದೀತು, ಪ್ರಭು ಅದನ್ನು ಅಷ್ಟಾಗಿ ನೆಚ್ಚಲಿಲ್ಲ. ಮಕ್ಕಳು ಒಬ್ಬರಿಂದೊಬ್ಬರು ಅರೆಬರೆ ಇಂಗ್ಲಿಷನ್ನೇ ಕೇಳುತ್ತಿದ್ದರೆ ಅದೇ ಬೇರೂರೀತೆಂಬ ಶಂಕೆ ಅವರದು.

ಪ್ರಭು ಅವರ ಲೆಕ್ಕಗಳು ಹೆಚ್ಚಾಗಿ ತರಗತಿಯೊಳಗಿನವು. ಅವನ್ನು ಬೀದಿಗಿಳಿಸುವುದಾದರೆ ಬೆಂಗಳೂರಿನ ಕುರುಬರಹಳ್ಳಿಯಲ್ಲಿ ಪ್ರಶ್ನೆಗೆ ಬರವಿಲ್ಲ. 2017ರ ಅಕ್ಟೋಬರ್ ಮಳೆಗೆ ಇಲ್ಲಿನ ರಾಜಕಾಲುವೆ ಉಕ್ಕಿ ಜೀವಹಾನಿಯಾದದ್ದು ಊರಿಗೆಲ್ಲ ಗೊತ್ತು. ಇಲ್ಲಿನ ಏಳನೇ ತರಗತಿಯಲ್ಲಿ ಕೇಳಬಹುದಾದ ಪ್ರಶ್ನೆ ಇದು: ಜೋರು ಮಳೆ ಹೊಡೆದರೆ ನೀರು ಮೊದಲು ಯಾವ ಬೀದಿಗೆ ನುಗ್ಗುತ್ತದೆ, ಏಕೆ? ಮಕ್ಕಳು ದಿನಸಿ ಅಂಗಡಿಯವರನ್ನು, ಟೈಲರನ್ನು, ಮನೆಯ ಅಜ್ಜಿಯನ್ನು ಕೇಳಿ ಬರುತ್ತಾರೆ. ಕನ್ನಡವೋ ತಮಿಳೋ ತೆಲುಗೋ ಉರ್ದುವೋ, ಈ ಹಂತದಲ್ಲಿ ಮನೆಮಾತೇ ಸಾಕು. ಇಲ್ಲೂ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಗದರಿದರೆ ಅಜ್ಜಿಯ ಹತ್ತಿರ ಯಾರು ಹೋಗುತ್ತಾರೆ? ತಂದದ್ದೆಲ್ಲ ಬೋರ್ಡಿನ ಮೇಲೆ ಪಟ್ಟಿಯಾಗುತ್ತದೆ: ಬೀದಿ, ಇಳಿಜಾರು ಯಾವ ಕಡೆಗೆ, ಚರಂಡಿ ಎಷ್ಟು ಅಗಲ, ನೀರು ಎಲ್ಲಿಯವರೆಗೆ ಬಂದಿತ್ತು. ಎರಡು ಬೀದಿಗಳನ್ನು ಮೇಷ್ಟ್ರು ಇಂಗ್ಲಿಷಿನಲ್ಲಿ ಎಲ್ಲರೊಡನೆ ಹೋಲಿಸಿ ತೋರಿಸುತ್ತಾರೆ. ಉಳಿದವನ್ನು ಮಕ್ಕಳೇ ಹೋಲಿಸಿ, ಯಾವ ಅಂಗಡಿಯವರು ಮೊದಲು ಅಕ್ಕಿಮೂಟೆ ಎತ್ತಿಡಬೇಕೆಂದು ಬರೆಯಬೇಕು.

ಕಸುಬಿನ ಸೂಕ್ಷ್ಮ ಕಾಣುವುದು ಇದರ ಮುಂದೆ. ಒಬ್ಬಳು ‘ಸೆಕೆಂಡ್ ಕ್ರಾಸ್ ವಾಟರ್ ಕಮ್ ಫಸ್ಟ್’ ಎಂದು ಬರೆದಳೆನ್ನಿ. ಪಳಗಿದ ಮೇಷ್ಟ್ರು ಕೆಂಪು ಪೆನ್ನು ತೆಗೆಯುವುದಿಲ್ಲ. ‘ಹೌ ಡು ಯು ನೋ?’ ಎಂದಷ್ಟೇ ಕೇಳುತ್ತಾರೆ. ಉತ್ತರ ಹೇಳಲು ಅವಳಿಗೆ ‘ಬಿಕಾಸ್’ ಬೇಕಾಗುತ್ತದೆ. ಪಕ್ಕದ ಬೀದಿ ಎತ್ತರದಲ್ಲಿದೆ ಎನ್ನಲು ‘ಹೈಯರ್ ದ್ಯಾನ್’ ಬೇಕಾಗುತ್ತದೆ. ಮೇಷ್ಟ್ರು ‘ಓ, ವಾಟರ್ ಕಮ್ಸ್ ಟು ಸೆಕೆಂಡ್ ಕ್ರಾಸ್ ಫಸ್ಟ್!’ ಎಂದು ಸರಿಯಾದ ವಾಕ್ಯವನ್ನು ಮಾತಿನ ನಡುವೆ ತೇಲಿಬಿಟ್ಟು ಮುಂದೆ ಹೋಗುತ್ತಾರೆ. ಬಾಯಿಪಾಠದವರು ಒಂದು ವಾರ ತಿಕ್ಕುವ ರಚನೆ ಹೀಗೆ ಕೆಲಸಕ್ಕೆಂದು ಬಂದು ಕೂರುವುದನ್ನು ನೋಡುವುದೇ ಒಂದು ಸುಖ.

ಕೊನೆಗೆ ಪಾಲಿಕೆಯ ಎಂಜಿನಿಯರಿಗೆ ಒಂದು ಪತ್ರ. ಇಲ್ಲಿ ಮಾತ್ರ ಕಾಗುಣಿತ, ಕ್ರಿಯಾಪದ ಎಲ್ಲ ತಿದ್ದಲೇಬೇಕೆಂಬುದು ನನ್ನ ಪಕ್ಷ. ಹೊರಗಿನವರು ಓದುವ ಕಾಗದ ಅದು.

ಪ್ರಶ್ನೆ ಎಷ್ಟು ಕಷ್ಟವಿರಬೇಕು ಎಂಬುದಕ್ಕೆ ಪ್ರಭು ಕೊಟ್ಟ ಅಳತೆ ಈಗಲೂ ಕೆಲಸಕ್ಕೆ ಬರುತ್ತದೆ: ತರಗತಿಯ ಅರ್ಧದಷ್ಟು ಮಕ್ಕಳಾದರೂ ಕೆಲಸದ ಅರ್ಧದಷ್ಟಾದರೂ ಸರಿ ಮಾಡಬೇಕು. ಎಲ್ಲರೂ ಎಲ್ಲವನ್ನೂ ಸರಿ ಮಾಡಿದರೆ ನಾಳೆಯ ಪಟ್ಟಿಗೆ ಇನ್ನೆರಡು ಬೀದಿ ಸೇರುತ್ತವೆ; ಯಾರಿಂದಲೂ ಆಗದಿದ್ದರೆ ಎರಡು ಕಡಿಮೆಯಾಗುತ್ತವೆ.