ಕರಣಂ, ಶ್ಯಾನುಭೋಗ, ಕುಲಕರ್ಣಿ

ಊರಿನ ಹೆಸರುಗಳ ಮೂಲವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ದೇವರ ಹೆಸರುಗಳನ್ನು ಕುರಿತೂ ನಡೆದಿದೆ. ಅಧಿಕಾರಿಗಳಿಗೆ ನಾವು ಕೊಟ್ಟಿರುವ ಹೆಸರುಗಳ ಮೇಲೆ ಮಾತ್ರ ವಿದ್ವಾಂಸರ ಕೃಪಾದೃಷ್ಟಿ ಅಷ್ಟಾಗಿ ಬಿದ್ದಂತೆ ತೋರುವುದಿಲ್ಲ. ಅರಸರ ಬಿರುದುಗಳ ಮಾತು ಬೇರೆ. ಅವು ಕಲ್ಲಿನ ಮೇಲೆ ಕುಳಿತು ತಮ್ಮನ್ನು ತಾವೇ ಸಾರಿಕೊಳ್ಳುತ್ತವೆ. ಊರ ಚಾವಡಿಯಲ್ಲಿ ಕುಳಿತು ಲೆಕ್ಕ ಬರೆದವನ ಹೆಸರಿಗೆ ಆ ಭಾಗ್ಯವಿಲ್ಲ. ಆದರೆ ನಾಡಿನ ಬಹುಪಾಲು ಜನ ತಮ್ಮ ಜನ್ಮದಲ್ಲಿ ಅರಸನನ್ನು ಕಂಡವರಲ್ಲ. ಅವರು ಕಂಡ ಸರ್ಕಾರವೆಂದರೆ ಈ ಲೆಕ್ಕ ಬರೆಯುವವನೇ.

ಈ ವಿಷಯವನ್ನು ವಿಚಾರಮಾಡಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗಿಂತ ಅನುಕೂಲವಾದ ಸ್ಥಳ ನನಗೆ ತಿಳಿದ ಮಟ್ಟಿಗೆ ಕನ್ನಡನಾಡಿನಲ್ಲಿ ಇನ್ನೊಂದಿಲ್ಲ. ಇಂದು ಈ ಐದೂ ತಾಲ್ಲೂಕುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದರಾಸಿನ ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಗ ಇಲ್ಲಿ ಊರಿನ ಲೆಕ್ಕ ಬರೆಯುವವನು ‘ಕರಣಂ’. ಹರಪನಹಳ್ಳಿಯಿಂದ ತೆಂಕಣಕ್ಕೆ ಹೊರಟು ಜಗಳೂರಿನ ಎಲ್ಲೆಯನ್ನು ಮುಟ್ಟಿದರೆ ಅದು ಮೈಸೂರು ಸಂಸ್ಥಾನ. ಅಲ್ಲಿ ಅವನೇ ‘ಶ್ಯಾನುಭೋಗ’. ಪಡುವಣಕ್ಕೆ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರು, ಮುಂಡರಗಿಗಳ ಕಡೆಗೆ ಹೋದರೆ ಅದು ಮುಂಬಯಿ ಪ್ರಾಂತ. ಅಲ್ಲಿ ಅವನು ‘ಕುಲಕರ್ಣಿ’. ಬಡಗಣಕ್ಕೆ ಕೊಪ್ಪಳದ ದಡವನ್ನು ಹತ್ತಿದರೆ ನಿಜಾಮರ ರಾಜ್ಯ. ಅಲ್ಲಿನ ಸರ್ಕಾರಿ ಕಾಗದಗಳಲ್ಲಿ ಅವನು ‘ಪಟವಾರಿ’. ನೆಲ ಅದೇ ಎರೆ, ಅದೇ ಮಸಾರಿ, ಬೆಳೆ ಅದೇ ಜೋಳ, ಮಾತು ಅದೇ ಕನ್ನಡ, ಕೆಲಸವೂ ಅದೇ. ಹೆಸರು ಮಾತ್ರ ನಾಲ್ಕು. ಅವನ ಮೇಲಿನ ತಾಲ್ಲೂಕಿನ ಅಧಿಕಾರಿಗೂ ಹೀಗೆಯೇ ಮೂರು ಹೆಸರಿದ್ದವು: ಮದರಾಸಿನಲ್ಲಿ ತಹಶೀಲ್ದಾರ, ಮೈಸೂರಿನಲ್ಲಿ ಅಮಲ್ದಾರ, ಮುಂಬಯಿಯಲ್ಲಿ ಮಾಮಲೇದಾರ.

ಮೊದಲು ‘ಕರಣಂ’ ಶಬ್ದವನ್ನು ನೋಡೋಣ. ಇದರ ಕೊನೆಯ ಅನುಸ್ವಾರ ತೆಲುಗಿನ ಸಹವಾಸದಿಂದ ಬಂದದ್ದು. ಒಡಲು ಸಂಸ್ಕೃತದ ‘ಕರಣ’. ‘ಕೃ’ ಧಾತು, ಮಾಡು ಎಂಬ ಅರ್ಥ. ಕರಣವೆಂದರೆ ಮಾಡುವಿಕೆ; ಮಾಡಲು ಬಳಸುವ ಸಾಧನ; ಮುಂದೆ ಬರೆದಿಟ್ಟ ಪತ್ರ, ಪತ್ರ ಬರೆಯುವ ಲೇಖಕ. ಶಾಲೆಯಲ್ಲಿ ವಿಭಕ್ತಿಗಳನ್ನು ಕಲಿತವರಿಗೆಲ್ಲ ತೃತೀಯೆಯ ಅರ್ಥ ಕರಣವೆಂಬುದು ನೆನಪಿರಬಹುದು: ಕೊಡಲಿಯಿಂದ ಕಡಿದನು ಎಂಬಲ್ಲಿ ಕೊಡಲಿ ಕರಣ, ಕಡಿದವನು ಕರ್ತೃ. ಈ ಲೆಕ್ಕದಲ್ಲಿ ಊರಿನ ಕರಣಂ ಕೊಡಲಿಯ ಸ್ಥಾನದವನು. ಹಿಡಿದ ಕೈ ಅರಸನದೋ ಕುಂಪಣಿಯದೋ ಆಗಿರುತ್ತಿತ್ತು. ಆದರೆ ಹಳ್ಳಿಯಲ್ಲಿ ಕೈ ಕಾಣುತ್ತಿರಲಿಲ್ಲ, ಕೊಡಲಿಯೇ ಕಾಣುತ್ತಿತ್ತು. ಜನ ಸಾಧನವನ್ನೇ ಕರ್ತೃವೆಂದು ಭಾವಿಸಿದರೆ ಅದು ವ್ಯಾಕರಣದ ದೋಷವಿರಬಹುದು, ಅನುಭವದ ದೋಷವಲ್ಲ.

ಈ ಶಬ್ದಕ್ಕೆ ಒಂದು ಕಾಲದಲ್ಲಿ ದೊಡ್ಡ ಮನೆತನವೇ ಇತ್ತು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಶ್ರೀಕರಣ’ವೆಂಬುದು ಅರಮನೆಯ ಲೆಕ್ಕಪತ್ರಗಳ ಇಲಾಖೆ. ‘ಕಡಿತವೆರ್ಗಡೆ’ ಎಂಬವನು ದಫ್ತರದ ಹಿರಿಯ. ಕಡಿತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಲಿನ ಪುಡಿಗಳನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ಅಳಿಸಬಹುದು, ಮತ್ತೆ ಬರೆಯಬಹುದು. ಆ ಕಡಿತವೇ ಇಂದಿನ ಕಚೇರಿಗಳ ‘ಕಡತ’. ಕಡತವು ಸಾಹೇಬರ ಮೇಜಿನ ಮೇಲಿದೆ ಎಂದು ಜವಾನ ಹೇಳಿದಾಗ, ತನಗೆ ತಿಳಿಯದೆಯೇ ಅವನು ಸಾವಿರ ವರ್ಷದ ಹಿಂದಿನ ಕರಿಯ ಬಟ್ಟೆಯ ಹೆಸರನ್ನು ಹೇಳುತ್ತಿರುತ್ತಾನೆ.

‘ಕುಲಕರ್ಣಿ’ಯ ಕತೆ ಇನ್ನೂ ಸ್ವಾರಸ್ಯವಾದುದು. ಕುಲದಿಂದ ಬಂದ ಕರಣಿಕ ಎಂದು ಅನೇಕರು ಇದನ್ನು ಬಿಡಿಸುವುದುಂಟು. ವಂಶಪಾರಂಪರ್ಯದ ಹುದ್ದೆಯಾದ್ದರಿಂದ ಆ ವಿವರಣೆ ಸಹಜವಾಗಿಯೂ ಕಾಣುತ್ತದೆ. ಆದರೆ ಮರಾಠಿಯವರು ಇದನ್ನು ‘ಕುಳಕರ್ಣಿ’ ಎಂದೂ ಬರೆಯುವುದುಂಟು. ಕುಳವೆಂದರೆ ಕಂದಾಯ ಕೊಡುವ ರೈತ, ಅವನ ಹಿಡುವಳಿ. ಕನ್ನಡದಲ್ಲಿಯೂ ಈ ಶಬ್ದ ಜೀವಂತವಾಗಿದೆ: ‘ಅವನು ದೊಡ್ಡ ಕುಳ’ ಎಂದು ನಾವು ಹಣವಂತನನ್ನು ಕುರಿತು ಹೇಳುವುದಿಲ್ಲವೆ? ನೇಗಿಲಿನ ಮೊನೆಗೆ ಹಾಕುವ ಕಬ್ಬಿಣಕ್ಕೂ ನಮ್ಮಲ್ಲಿ ಕುಳವೆಂದೇ ಹೆಸರು. ಕುಳಗಳ ಲೆಕ್ಕವನ್ನು ಬರೆಯುವವನೇ ಕುಳಕರಣಿಕ. ‘ಳ’ಕಾರ ‘ಲ’ಕಾರವಾದೊಡನೆ ರೈತನು ಹೆಸರಿನಿಂದ ಹೊರಗೆ ಬಿದ್ದ; ವಂಶ ಒಳಗೆ ಬಂದು ಕುಳಿತಿತು. ಒಂದು ಅಕ್ಷರದ ವ್ಯತ್ಯಾಸದಲ್ಲಿ ಒಂದು ಹುದ್ದೆಯ ಚರಿತ್ರೆಯೇ ಅಡಗಿದೆ ಎಂದರೆ ಉತ್ಪ್ರೇಕ್ಷೆಯಾಗದು.

‘ಶ್ಯಾನುಭೋಗ’ನಿಗೂ ಇಂಥದೇ ಗತಿ. ಹಳಗನ್ನಡದ ಶಾಸನಗಳಲ್ಲಿ ಇವನ ಹೆಸರು ‘ಸೇನಬೋವ’. ದಾನದ ವಿವರವೆಲ್ಲ ಮುಗಿದು, ಇದನ್ನು ಅಳಿದವನು ಇಂಥ ಪಾಪಕ್ಕೆ ಹೋಗುವನೆಂಬ ಶಾಪವೂ ಮುಗಿದ ಮೇಲೆ, ಬರೆದವನು ಇಂಥ ಸೇನಬೋವನೆಂದು ಸಣ್ಣದಾಗಿ ಬರುವುದು ವಾಡಿಕೆ. ‘ಬೋವ’ ಎಂಬುದೇ ಹಳೆಯ ರೂಪ. ‘ಭೋಗ’ ಎಂಬುದು ಅನಂತರ ಬಂದ ಸಂಸ್ಕೃತದ ಉಡುಪು. ಆದ್ದರಿಂದ ಇಂದಿನ ರೂಪವನ್ನು ಹಿಡಿದು, ಭೋಗಿಸುವವನಾದ್ದರಿಂದ ಶ್ಯಾನುಭೋಗನೆಂದು ಅರ್ಥ ಹೇಳುವುದು ಮಾಳಿಗೆಯಿಂದ ಮನೆ ಕಟ್ಟಿದಂತಾಗುತ್ತದೆ. ಆದರೂ ಜನದ ಕಿವಿಗೆ ‘ಭೋಗ’ವೆಂದು ಕೇಳಿಸಿತು, ನಾಲಗೆಯಲ್ಲಿ ಅದೇ ನಿಂತಿತು ಎಂಬ ಸಂಗತಿಯನ್ನು ಅಲ್ಲಗಳೆಯುವಂತಿಲ್ಲ. ಅಧಿಕಾರಕ್ಕೂ ಭೋಗಕ್ಕೂ ಇರುವ ನಂಟು ಈ ಸೀಮೆಗೆ ಹೊಸದೂ ಅಲ್ಲ.

ಅದಕ್ಕೆ ಸಾಕ್ಷಿ ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ದೊರೆತ ತಾಮ್ರಶಾಸನ. ಕಂಚಿಯ ಪಲ್ಲವ ಅರಸು ಶಿವಸ್ಕಂದವರ್ಮನು ಪ್ರಾಕೃತ ಭಾಷೆಯಲ್ಲಿ ಹೊರಡಿಸಿದ ಈ ದಾನಪತ್ರ ಕ್ರಿ.ಶ. 4ನೆಯ ಶತಮಾನದ್ದೆಂದು ಎಣಿಕೆ. ಜರ್ಮನ್ ವಿದ್ವಾಂಸ ಬ್ಯೂಲರ್ ಇದನ್ನು ‘ಎಪಿಗ್ರಾಫಿಯ ಇಂಡಿಕಾ’ದ ಮೊದಲನೆಯ ಸಂಪುಟದಲ್ಲಿಯೇ ಪ್ರಕಟಿಸಿದನು. ಅರಸನು ತನ್ನ ಆಜ್ಞೆಯನ್ನು ಯಾರಿಗೆ ತಿಳಿಸುತ್ತಾನೆಂಬ ಪಟ್ಟಿ ಅದರಲ್ಲಿದೆ: ರಾಜಕುಮಾರರು, ಸೇನಾಪತಿಗಳು, ರಟ್ಠಿಕರು, ಸುಂಕದ ಮಾಡಬಿಕರು, ದೇಸಾಧಿಕತರು, ಊರೂರಿನ ಭೋಜಕರು, ಗೋವಳರು, ಅಮಚ್ಚರು, ಕಾವಲಿನ ಅಧಿಕತರು. ಅಮಚ್ಚನೆಂದರೆ ಅಮಾತ್ಯ. ‘ಅಧಿಕತ’ವು ಅಧಿಕೃತ, ನಮ್ಮ ‘ಅಧಿಕಾರಿ’ಯ ದಾಯಾದಿ, ‘ಕರಣ’ದಂತೆಯೇ ‘ಕೃ’ ಧಾತುವಿನ ಮಗ. ಇನ್ನು ಗ್ರಾಮಭೋಜಕ. ಜಾತಕ ಕತೆಗಳಲ್ಲಿಯೂ ಇವನು ಊರಿನ ಮುಖ್ಯಸ್ಥನಾಗಿ ಬರುತ್ತಾನೆ. ‘ಭುಜ್’ ಎಂದರೆ ಉಣ್ಣು, ಅನುಭವಿಸು. ಆಳು ಎಂದೂ ಅರ್ಥವುಂಟು. ಊರನ್ನು ಆಳುವವನು, ಊರನ್ನು ಉಣ್ಣುವವನು: ಎರಡಕ್ಕೂ ಒಂದೇ ಮಾತು.

ಇದು ಬರಿಯ ನಿಘಂಟಿನ ಚಮತ್ಕಾರವಲ್ಲವೆಂಬುದು ಅದೇ ಶಾಸನದ ಮುಂದಿನ ಭಾಗದಿಂದ ಸ್ಪಷ್ಟವಾಗುತ್ತದೆ. ದಾನ ಕೊಟ್ಟ ಭೂಮಿಗೆ ಹದಿನೆಂಟು ಬಗೆಯ ವಿನಾಯಿತಿ. ಅಧಿಕಾರಿಗಳು ಅಲ್ಲಿಂದ ಹಾಲು ಮೊಸರನ್ನು ಎತ್ತಿಕೊಳ್ಳಬಾರದು. ಸೊಪ್ಪು, ಹೂವು, ಹುಲ್ಲು, ಸೌದೆಗಳನ್ನು ತೆಗೆದುಕೊಳ್ಳಬಾರದು. ಸರದಿಯ ಮೇಲೆ ಎತ್ತುಗಳನ್ನು ಹಿಡಿಯಬಾರದು. ಉಪ್ಪು, ಬೆಲ್ಲಗಳ ಕಾಟ ಕೊಡಬಾರದು. ಅನ್ನ, ಮಂಚ, ಬಿಡಾರಗಳನ್ನು ಕೇಳಬಾರದು. ವಿನಾಯಿತಿ ದೊರೆತ ತೋಟಕ್ಕೆ ಇವು ತಪ್ಪಿದವು ಎಂದಮೇಲೆ, ವಿನಾಯಿತಿ ದೊರೆಯದ ನೆರೆಯ ಊರುಗಳಿಂದ ಇವೆಲ್ಲವೂ ಸಲ್ಲುತ್ತಿದ್ದವೆಂದು ಬೇರೆ ಹೇಳಬೇಕೆ? ಭೋಜಕನೆಂಬ ಹೆಸರಿನ ನಿಜವಾದ ಅರ್ಥ ಈ ಹಾಲು, ಮೊಸರು, ಮಂಚಗಳ ಪಟ್ಟಿಯಲ್ಲಿದೆ. ಶಾಸನವನ್ನು ತನ್ನ ಕೈಯಾರೆ ಬರೆದವನ ಹೆಸರೂ ಉಳಿದಿದೆ: ಅರಸನ ರಹಸ್ಯಾಧಿಕೃತ, ಕೋಳಿವಾಳದ ಭೋಜಕ ಭಟ್ಟಿಶರ್ಮ. ಬರೆಯುವವನೂ ಉಣ್ಣುವವನೂ ಒಬ್ಬನೇ ಆಗಿದ್ದುದನ್ನು ಈ ಸೀಮೆ ಹದಿನಾರು ನೂರು ವರ್ಷಗಳ ಹಿಂದೆಯೇ ಕಂಡಿತ್ತು.

ಅನಂತರ ಈ ನೆಲ ಎಷ್ಟೋ ಆಳ್ವಿಕೆಗಳನ್ನು ಕಂಡಿತು. ಕೋಗಳಿ ಐನೂರು ಎಂಬ ನಾಡಾಗಿ ನೊಳಂಬವಾಡಿಯೊಳಗೆ ಸೇರಿತ್ತು, ಚಾಲುಕ್ಯರ ಕಾಲದಲ್ಲಿ ಬಾಗಳಿ, ಕುರುವತ್ತಿಗಳ ಗುಡಿಗಳನ್ನು ಪಡೆಯಿತು, ವಿಜಯನಗರದ ಹೊಸ್ತಿಲಾಗಿತ್ತು, ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರ ಕೈಗೆ ಬಂತು. 1800ರಲ್ಲಿ ನಿಜಾಮನು ಇದನ್ನು ಇಂಗ್ಲಿಷ್ ಕುಂಪಣಿಗೆ ಬಿಟ್ಟುಕೊಟ್ಟನು. ಆಗ ಇಲ್ಲಿಗೆ ಬಂದ ಥಾಮಸ್ ಮನ್ರೋ 1807ರವರೆಗೆ ಈ ದತ್ತಮಂಡಲದ ಮುಖ್ಯ ಕಲೆಕ್ಟರನಾಗಿದ್ದು, ಹೊಲಹೊಲವನ್ನೂ ಅಳೆಯಿಸಿ, ನಡುವೆ ಪಾಳೆಯಗಾರನಾಗಲಿ ಜಮೀನ್ದಾರನಾಗಲಿ ಇಲ್ಲದಂತೆ ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಗೆ ಬುನಾದಿ ಹಾಕಿದನು. ಪಾಳೆಯಗಾರರು ಹೋದರು, ಕರಣಂ ಉಳಿದನು. ಅಷ್ಟೇ ಅಲ್ಲ, ಅವನ ಬೆಲೆ ಏರಿತು. ಯಾವ ಹೊಲ ಯಾರದು, ಎಷ್ಟು ಎಕರೆ, ಈ ವರ್ಷ ಏನು ಬಿತ್ತಿದೆ ಎಂಬುದನ್ನು ಅಡಂಗಲ್ ಪುಸ್ತಕದಲ್ಲಿ ಬರೆಯುವವನು ಅವನೇ. ಸರ್ಕಾರ ರೈತನನ್ನು ನೇರವಾಗಿ ಕಾಣುತ್ತೇನೆಂದು ಹೊರಟಿತು. ಕಂಡದ್ದು ಕರಣಂ ಬರೆದ ಸಾಲಿನಲ್ಲಿ. ಓದುಬಾರದ ಒಕ್ಕಲಿಗನಿಗೆ ತನ್ನ ಹೊಲ ತನ್ನ ಹೆಸರಿನಲ್ಲಿಯೇ ಇದೆಯೆ ಎಂದು ತಿಳಿಯಲು ಬೇರೊಂದು ದಾರಿ ಇರಲಿಲ್ಲ.

ಇಂಥ ಲೇಖನಿ ತಂದೆಯಿಂದ ಮಗನಿಗೆ ಆಸ್ತಿಯಂತೆ ಸಲ್ಲುತ್ತಿತ್ತು. ಅದಕ್ಕೆ 1895ರ ಮದರಾಸು ವಂಶಪಾರಂಪರ್ಯ ಗ್ರಾಮಾಧಿಕಾರ ಶಾಸನದ ಬೆಂಬಲವೂ ಇತ್ತು. ಸ್ವತಂತ್ರ ಭಾರತದ ಸಂವಿಧಾನ ಬಂದ ಮೇಲೆ ಪ್ರಶ್ನೆ ಎದ್ದಿತು. ಪಕ್ಕದ ಆಂಧ್ರದ ಒಂದು ಮೊಕದ್ದಮೆಯಲ್ಲಿ, ಹುಟ್ಟಿನ ಮೇಲೆ ಗ್ರಾಮಾಧಿಕಾರವನ್ನು ಕೊಡುವುದು ಸಂವಿಧಾನದ 16ನೆಯ ವಿಧಿಗೆ ವಿರುದ್ಧವೆಂದು 1960ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ನಮ್ಮಲ್ಲಿ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಪಟೇಲ, ಶ್ಯಾನುಭೋಗ, ಕರಣಂ, ಕುಲಕರ್ಣಿಗಳೆಲ್ಲ ಒಂದೇ ದಿನ ಹುದ್ದೆಯಿಂದ ಇಳಿದರು. 1964ರ ಭೂಕಂದಾಯ ಕಾಯಿದೆ ನಾಲ್ಕು ಸೀಮೆಗಳ ನಾಲ್ಕು ಹೆಸರುಗಳನ್ನೂ ಅಳಿಸಿ ‘ಗ್ರಾಮ ಲೆಕ್ಕಿಗ’ನೆಂಬ ಒಂದು ಹೆಸರನ್ನು ಇಟ್ಟಿತು. ಅಮಲ್ದಾರ, ಮಾಮಲೇದಾರರೂ ತಹಶೀಲ್ದಾರನಲ್ಲಿ ಲೀನವಾದರು.

ಹುದ್ದೆಗಳು ಹೋದರೂ ಹೆಸರುಗಳು ಹೋಗಲಿಲ್ಲ, ಮನೆತನಗಳಲ್ಲಿ ಉಳಿದವು. ಕಾದಂಬರಿಕಾರ ಗಳಗನಾಥರು ವೆಂಕಟೇಶ ತಿರಕೋ ಕುಲಕರ್ಣಿ. ನಮ್ಮ ಕಾಲದ ಕತೆಗಾರ ವಿವೇಕರು ಶಾನಭಾಗ. ‘ಕರಣಂ’ ಎಂಬುದನ್ನು ಹೆಸರಿನ ಮುಂದೆ ಇಟ್ಟುಕೊಂಡವರು ಬಳ್ಳಾರಿಯ ಸುತ್ತಮುತ್ತ ಇಂದಿಗೂ ಇದ್ದಾರೆ. ‘ಅಮಲು’ ಎಂಬುದು ಮಾತ್ರ ಎರಡು ಅರ್ಥಗಳಲ್ಲಿ ಉಳಿಯಿತು. ಅರಬ್ಬಿಯಲ್ಲಿ ಅದಕ್ಕೆ ಕೆಲಸವೆಂದರ್ಥ. ಕಾನೂನು ಅಮಲಿಗೆ ಬರುತ್ತದೆ ಎನ್ನುವಾಗ ಆ ಮೂಲಾರ್ಥ ಕಾಣುತ್ತದೆ. ಕುಡಿದವನಿಗೆ ಅಮಲೇರಿತು ಎನ್ನುವಾಗ ಅದೇ ಶಬ್ದ ಬೇರೊಂದು ಬಣ್ಣ ತಾಳುತ್ತದೆ. ಅಧಿಕಾರದ ವಿಷಯದಲ್ಲಿ ಎರಡೂ ಅರ್ಥಗಳು ಬೇಕಾಗುತ್ತವೆ ಎಂದು ಜನ ತೀರ್ಮಾನಿಸಿದಂತಿದೆ.

ಈಚೆಗೆ ಸರ್ಕಾರವು ಗ್ರಾಮ ಲೆಕ್ಕಿಗನ ಹೆಸರನ್ನು ‘ಗ್ರಾಮ ಆಡಳಿತ ಅಧಿಕಾರಿ’ ಎಂದು ಬದಲಾಯಿಸಿದೆ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿ, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಬರೆಯುವ ಕೆಲಸವೇ ಕೈಬಿಟ್ಟ ಮೇಲೆ ಲೆಕ್ಕಿಗನೆಂಬ ಹೆಸರು ಬೇಡವೆನಿಸಿದ್ದು ಸಹಜವಿರಬಹುದು. ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದು ಬರುವ ಇಂದಿನ ತರುಣ ತರುಣಿಯರಿಗೆ ಗೌರವದ ಹೆಸರು ಸಲ್ಲಲಿ ಎಂಬುದರಲ್ಲಿಯೂ ತಪ್ಪಿಲ್ಲ. ಆದರೂ ನನಗೆ ‘ಲೆಕ್ಕಿಗ’ನ ಮೇಲೆ ಒಂದು ಮಮತೆ ಉಳಿದಿದೆ. ಆ ಹೆಸರು ಮಾಡುವ ಕೆಲಸವನ್ನು ಹೇಳುತ್ತಿತ್ತು. ಲೆಕ್ಕ ತಪ್ಪಿದರೆ ಯಾರನ್ನು ಕೇಳಬೇಕೆಂಬುದನ್ನೂ ಹೇಳುತ್ತಿತ್ತು. ‘ಅಧಿಕಾರಿ’ ಎಂಬುದು ಸ್ಥಾನವನ್ನು ಹೇಳುತ್ತದೆ, ಕೆಲಸವನ್ನು ಹೇಳುವುದಿಲ್ಲ. ಕುಳಕರಣಿಯ ‘ಳ’ಕಾರ ಜಾರಿದಾಗ ರೈತನು ಹೆಸರಿನಿಂದ ಜಾರಿದಂತೆ, ಇಲ್ಲಿ ಲೆಕ್ಕ ಜಾರಬಾರದು.

ಶಬ್ದಗಳಲ್ಲಿ ಆಸಕ್ತಿಯುಳ್ಳ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಈ ಐದು ತಾಲ್ಲೂಕುಗಳಲ್ಲಿ ಒಂದು ಕೆಲಸ ಮಾಡಬಹುದು. ಅಡಂಗಲ್, ಜಮಾಬಂದಿ, ಫಸಲಿ, ತಳವಾರ, ತೋಟಿ ಎಂಬ ಮಾತುಗಳನ್ನು ಬಳಸಿದ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರನ್ನು ಕಂಡು, ಕರಣಂ ಬಂದಾಗ ಮನೆಯಿಂದ ಏನೇನು ಹೋಗುತ್ತಿತ್ತು, ಅವನು ಬರೆದುದನ್ನು ಯಾರು ಓದಿ ಹೇಳುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಹಿರೇಹಡಗಲಿಯ ತಾಮ್ರದ ಹಲಗೆಯಲ್ಲಿ ಹಾಲು ಮೊಸರಿನ ಪಟ್ಟಿಯನ್ನು ಬರೆದವನು ಭೋಜಕ. ಅದನ್ನು ಕೊಟ್ಟವರ ಕಡೆಯ ಪಟ್ಟಿಯನ್ನು ಇದುವರೆಗೆ ಯಾರೂ ಬರೆದಿಲ್ಲ.