ದಂಡು ಎದ್ದು ಹೋದರೂ ಉಳಿಯುವ ‘ದಂಡು’

ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್ನಿನ ಬೋರ್ಡಿನಲ್ಲಿ ಕನ್ನಡದಲ್ಲಿ ‘ಬೆಂಗಳೂರು ದಂಡು’ ಅಂತ ಬರೆದಿರುತ್ತೆ. ಮೊದಲ ಸಲ ಓದಿದಾಗ ನನಗೆ ಗೊಂದಲವಾಗಿತ್ತು. ‘ರಾಜ ದಂಡೆತ್ತಿ ಹೋದ’ ಅಂತ ಶಾಲೆಯಲ್ಲಿ ಓದಿಕೊಂಡು ಬಂದವನು ನಾನು. ಎದ್ದು ಹೊರಡಬೇಕಾದ ದಂಡು ಇಲ್ಲಿ ಯಾಕೆ ಕೂತಿದೆ?

ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಪದಗಳಿವೆ. ಒಂದು ಕೋಟೆಯನ್ನೋ ಊರನ್ನೋ ಕಾಯಲು ಅಲ್ಲೇ ಇರಿಸಿದ ಪಡೆ ಗ್ಯಾರಿಸನ್. ಪಡೆ ವಾಸಿಸುವ ಪ್ರದೇಶ ಕಂಟೋನ್ಮೆಂಟ್. ನಮ್ಮ ಜನ ಎರಡಕ್ಕೂ ‘ದಂಡು’ ಅಂದುಬಿಟ್ಟರು. ಆಮೇಲೆ ಅದರ ಸುತ್ತ ಬೆಳೆದ ಊರಿಗೂ ಅದೇ ಹೆಸರು.

ಇದು ಬರೀ ಪದಗಳ ಕಥೆ ಅಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರ ಪಡೆ ಶ್ರೀರಂಗಪಟ್ಟಣದಲ್ಲಿ ನೆಲೆ ನಿಂತಿತು. ಅಲ್ಲಿನ ಮಲೇರಿಯಾ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ, ಹಲಸೂರಿನ ಕಡೆಗೆ ಬಂತು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿತು, ಆದರೆ ದಂಡು ಪ್ರದೇಶ ಮರಳಲಿಲ್ಲ. ಒಂದೇ ಊರು, ಎರಡು ಆಡಳಿತ: ಪೇಟೆ ಮಹಾರಾಜರದ್ದು, ದಂಡು ಬ್ರಿಟಿಷ್ ರೆಸಿಡೆಂಟರದ್ದು. ದಂಡಿನಲ್ಲಿದ್ದವರೆಲ್ಲ ಸಿಪಾಯಿಗಳೇನಲ್ಲ. ವ್ಯಾಪಾರಿಗಳು, ಅಡುಗೆಯವರು, ಅಗಸರು, ಕೂಲಿಯವರೂ ಇದ್ದರು. ಅವರು ಮೈಸೂರಿಗೆ ಸೇರಿದ್ದು 1947ರಲ್ಲಿ. ಎರಡೂ ಭಾಗಕ್ಕೆ ಒಂದೇ ನಗರಪಾಲಿಕೆ ಬಂದದ್ದು 1949ರಲ್ಲಿ.

ಇದೆಲ್ಲ ಹಳೇ ಕಥೆ ಅಂತೀರಾ? ಬೆಳಗಾವಿಯಲ್ಲಿ ಕಂಟೋನ್ಮೆಂಟ್ ಬೋರ್ಡು ಈ ಶತಮಾನಕ್ಕೂ ಬಂತು. 2006ರ ಕಾಯ್ದೆಯ ಪ್ರಕಾರ ಇಂಥ ಬೋರ್ಡಿಗೆ ಜನ ಸದಸ್ಯರನ್ನು ಆರಿಸಬಹುದು, ಆದರೆ ಅಧ್ಯಕ್ಷರು ಆ ಠಾಣೆಯ ಸೇನಾಧಿಕಾರಿಯೇ. 2023ರ ಏಪ್ರಿಲ್ 30ಕ್ಕೆ ದೇಶದ 57 ಬೋರ್ಡುಗಳಿಗೆ ಚುನಾವಣೆ ಘೋಷಿಸಿ, ಮಾರ್ಚಿನಲ್ಲೇ ರದ್ದು ಮಾಡಿದರು. ನಾಗರಿಕ ಪ್ರದೇಶಗಳನ್ನು ಪಕ್ಕದ ಸ್ಥಳೀಯ ಸಂಸ್ಥೆಗಳಿಗೆ ಸೇರಿಸುವ ಯೋಚನೆ ಆಗ ಶುರುವಾಗಿತ್ತು. ಸೇರಿಸೋದು ಒಳ್ಳೆಯದೇ. ಆದರೆ ಸೇರುವವರೆಗೆ ಬೀದಿದೀಪ ಕೆಟ್ಟರೆ ಅಲ್ಲಿಯ ಜನ ತಾವೇ ಆರಿಸಿದ ಯಾರನ್ನು ಕೇಳಬೇಕು?

ಗಡಿಗೆ ಕಾವಲು ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ‘ಪಡೆ ಬೀಡುಬಿಟ್ಟಿದೆ’ ಅನ್ನೋ ಸುದ್ದಿ ಯಾವ ದೇಶದಿಂದ ಬಂದರೂ ನಾನೀಗ ಮೂರು ಪ್ರಶ್ನೆ ಕೇಳ್ತೀನಿ. ಯಾರನ್ನು ಕಾಯೋಕೆ? ಎಷ್ಟು ದಿನ? ಅಲ್ಲಿ ಮೊದಲಿಂದ ಇರೋ ಜನರ ಮಾತು ಯಾರು ಕೇಳ್ತಾರೆ? ಬೀಡು ಅಂದರೆ ನಾಲ್ಕು ದಿನದ್ದು ಅನ್ನಿಸುತ್ತೆ. ನಮ್ಮೂರಿನ ದಂಡು ಹೋಗೋಕೆ 138 ವರ್ಷ ಬೇಕಾಯ್ತು. ಹೆಸರು ಇನ್ನೂ ಬೋರ್ಡಿನ ಮೇಲಿದೆ.