ಮನೆಯ ಗುಟ್ಟು ಮನೆಯಲ್ಲೇ ಉಳಿಯಲಿ

ಎದ್ದು ಹೋಗಿ ಸ್ವಿಚ್ಚು ಒತ್ತದೆ ದೀಪ ಹತ್ತಿಸಬೇಕೆಂಬ ಆಸೆ, ಮನೆಮನೆಗೆ ಇಂಟರ್ನೆಟ್ ಬರುವುದಕ್ಕಿಂತ ಹಳೆಯದು. ಸ್ಕಾಟ್ಲೆಂಡಿನ ಪಿಕೊ ಎಲೆಕ್ಟ್ರಾನಿಕ್ಸ್ ಕಂಪನಿ 1975ರಲ್ಲಿ ರೂಪಿಸಿದ ಎಕ್ಸ್10 ವ್ಯವಸ್ಥೆ ಮನೆಯ ವಿದ್ಯುತ್ ತಂತಿಗಳ ಮೂಲಕವೇ ಸಂಕೇತ ಕಳಿಸಿ ದೀಪಗಳನ್ನೂ ಉಪಕರಣಗಳನ್ನೂ ನಿಯಂತ್ರಿಸುತ್ತಿತ್ತು. ಆಮೇಲೆ ಬಂದ ಝಡ್-ವೇವ್ ಮತ್ತು ಜಿಗ್‌ಬೀ ತಂತಿಯ ಬದಲು ರೇಡಿಯೊ ತರಂಗ ಬಳಸಿದವು. ಆಗಲೂ ಸಂಕೇತ ಹುಟ್ಟುತ್ತಿದ್ದದ್ದು, ಮುಟ್ಟುತ್ತಿದ್ದದ್ದು ಒಂದೇ ಸೂರಿನ ಕೆಳಗೆ. ಅಂದರೆ ಸ್ಮಾರ್ಟ್ ಮನೆ ಶುರುವಾದದ್ದೇ ಖಾಸಗಿಯಾಗಿ. ಹಾಲ್‌ನ ದೀಪ ಹತ್ತಬೇಕಾದರೆ ದೂರದ ದೇಶದ ಸರ್ವರ್ ಅಪ್ಪಣೆ ಕೊಡಬೇಕು ಎಂಬ ಈಗಿನ ಏರ್ಪಾಡು ತಂತ್ರಜ್ಞಾನದ ಅನಿವಾರ್ಯತೆಯಲ್ಲ. ನಡುವೆ ಯಾರೋ ಮಾಡಿಕೊಂಡ ವ್ಯಾಪಾರದ ತೀರ್ಮಾನ. ಆ ತೀರ್ಮಾನವನ್ನು ಬದಲಿಸಲೂ ಸಾಧ್ಯ.

ಆ ತೀರ್ಮಾನಕ್ಕೆ ಕಾರಣಗಳಿದ್ದವು, ಅವೆಲ್ಲ ಸುಳ್ಳೂ ಅಲ್ಲ. 2014ರಲ್ಲಿ ಇಎಸ್‌ಪಿ8266 ಎಂಬ ಅಗ್ಗದ ವೈ-ಫೈ ಚಿಪ್ ಬಂದು, ಬಲ್ಬು ಪ್ಲಗ್ಗುಗಳಿಗೂ ನೆಟ್ ಜೋಡಿಸುವುದು ಸುಲಭವಾಯಿತು. ಅದೇ ವರ್ಷ ಅಮೆಜಾನ್ ಮಾತಿನ ಆಜ್ಞೆ ಕೇಳುವ ತನ್ನ ಎಕೋ ಸ್ಪೀಕರನ್ನು ಮಾರುಕಟ್ಟೆಗೆ ತಂದಿತು. ಆಡಿದ ಮಾತನ್ನು ಅರ್ಥಮಾಡಿಕೊಳ್ಳುವ ತಾಕತ್ತು ಅಷ್ಟು ಚಿಕ್ಕ ಯಂತ್ರಕ್ಕೆ ಆಗ ಇರಲಿಲ್ಲ, ಹಾಗಾಗಿ ಮಾತು ಸರ್ವರಿಗೆ ಹೋಗಬೇಕಿತ್ತು. ಆಫೀಸಿನಲ್ಲಿ ಕೂತು ಮನೆಯ ಗೀಸರ್ ಆನ್ ಮಾಡಬೇಕೆಂದರೂ ನಡುವೆ ಒಂದು ಸರ್ವರ್ ಇದ್ದರೆ ಅನುಕೂಲ. ಆದರೆ ಆ ಸರ್ವರ್ ಕೇವಲ ಅಂಚೆಯವನಾಗಿ ಉಳಿಯಲಿಲ್ಲ, ಕಾಗದ ಒಡೆದು ಓದತೊಡಗಿತು. ವಿಜಿಯೊ ಕಂಪನಿಯ ಟಿವಿಗಳು ಪರದೆಯ ಮೇಲೆ ಏನು ಓಡುತ್ತಿದೆ ಎಂಬುದನ್ನು ಕ್ಷಣಕ್ಷಣವೂ ಗುರುತಿಸಿ, ಆ ಮಾಹಿತಿಯನ್ನು ಮಾರಾಟಕ್ಕೆ ಒದಗಿಸಿದ್ದು ಬಯಲಾಯಿತು. 1.1 ಕೋಟಿ ಟಿವಿಗಳ ಆ ಪ್ರಕರಣವನ್ನು ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ಮುಗಿಸಿಕೊಂಡಿತು.

‘ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನಿದೆ?’ ಎಂದು ಕೇಳುವವರು ಒಂದು ಸ್ಮಾರ್ಟ್ ಪ್ಲಗ್ ಏನನ್ನೆಲ್ಲ ಹೇಳಬಲ್ಲದು ಎಂದು ಗಮನಿಸಬೇಕು. ಅದು ಅಳೆಯುವುದು ವ್ಯಾಟ್‌ಗಳನ್ನು ಮಾತ್ರ. ಆದರೆ ಬೆಳಿಗ್ಗೆ ಗೀಸರ್ ಎಷ್ಟು ಗಂಟೆಗೆ ಉರಿಯಿತು, ಟಿವಿ ಎಷ್ಟು ಹೊತ್ತಿಗೆ ಆರಿತು, ಮಿಕ್ಸಿ ಯಾವ ದಿನಗಳಲ್ಲಿ ತಿರುಗಲೇ ಇಲ್ಲ ಎಂಬ ಪಟ್ಟಿಯನ್ನು ಎರಡು ತಿಂಗಳು ಕೂಡಿಟ್ಟರೆ, ಮನೆಯವರು ಏಳುವ ಹೊತ್ತು, ಮಲಗುವ ಹೊತ್ತು, ಊರಿಗೆ ಹೋದ ದಿನ ಎಲ್ಲವೂ ತಿಳಿಯುತ್ತವೆ. ಕ್ಯಾಮೆರಾ ಇದ್ದರಂತೂ ಮುಗಿದೇ ಹೋಯಿತು. ನೆಲ ಗುಡಿಸುವ ರೂಂಬಾ ರೋಬಾಟಿನ ಪರೀಕ್ಷಾ ಮಾದರಿಗಳು ತೆಗೆದ ಚಿತ್ರಗಳಲ್ಲಿ ಶೌಚಾಲಯದಲ್ಲಿ ಕೂತ ಮಹಿಳೆಯದೂ ಒಂದು ಇತ್ತು. ಚಿತ್ರಗಳಲ್ಲಿನ ವಸ್ತುಗಳಿಗೆ ಹೆಸರು ಹಚ್ಚಲು ವೆನೆಜುವೆಲಾದ ಗುತ್ತಿಗೆ ಕೆಲಸಗಾರರಿಗೆ ಅವುಗಳನ್ನು ಕೊಡಲಾಗಿತ್ತು. ಅಲ್ಲಿಂದ ಅವು ಆನ್‌ಲೈನ್ ಗುಂಪುಗಳಿಗೆ ಸೋರಿದವು ಎಂದು ಎಂಐಟಿ ಟೆಕ್ನಾಲಜಿ ರಿವ್ಯೂ 2022ರಲ್ಲಿ ವರದಿ ಮಾಡಿತು. ಆ ಮನೆಯವರು ಪರೀಕ್ಷೆಗೆ ಒಪ್ಪಿಗೆ ಕೊಟ್ಟವರೇ, ಕಂಪನಿಯೂ ಅದನ್ನೇ ಹೇಳಿತು. ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುವಾಗ ಚಿತ್ರ ಎಲ್ಲಿಯವರೆಗೆ ಹೋಗುತ್ತದೆಂದು ಯಾರಿಗೆ ಗೊತ್ತಿರುತ್ತದೆ?

ಕಂಪನಿಯ ಗೋಪ್ಯತಾ ನೀತಿ ಒಂದು ಮಾತು ಮಾತ್ರ, ಮಾತು ಬದಲಾಗುತ್ತದೆ. ಮಕ್ಕಳ ಧ್ವನಿಮುದ್ರಣಗಳನ್ನು ಅಗತ್ಯ ಮೀರಿ ಇಟ್ಟುಕೊಂಡ, ಅಳಿಸಿ ಎಂದರೂ ಪೂರ್ತಿ ಅಳಿಸದ ಆರೋಪದ ಮೇಲೆ ಅಮೆಜಾನ್ 2023ರಲ್ಲಿ 2.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಅಮೆರಿಕದಲ್ಲಿ ಕೆಲವು ಎಕೋ ಮಾದರಿಗಳಿಗೆ ಧ್ವನಿಯನ್ನು ಹೊರಗೆ ಕಳಿಸದಿರುವ ಆಯ್ಕೆ ಇತ್ತು. 2025ರ ಮಾರ್ಚ್ 28ರಿಂದ ಅದನ್ನೂ ತೆಗೆದುಹಾಕಲಾಯಿತು. ಕೊಂಡ ದಿನ ಇದ್ದ ಷರತ್ತು ಬಳಸುವ ದಿನ ಇರಲಿಲ್ಲ. ಸರ್ವರನ್ನೇ ನಿಲ್ಲಿಸಿದರೆ ಕೊಂಡ ವಸ್ತುವೂ ಉಳಿಯುವುದಿಲ್ಲ. 2016ರಲ್ಲಿ ನೆಸ್ಟ್ ಕಂಪನಿ ತಾನು ಕೊಂಡಿದ್ದ ರಿವಾಲ್ವ್ ಸಂಸ್ಥೆಯ ಹಬ್‌ನ ಸೇವೆ ನಿಲ್ಲಿಸಿದಾಗ, ಹಣ ಕೊಟ್ಟು ತಂದಿದ್ದ ಪೆಟ್ಟಿಗೆ ನಿರುಪಯುಕ್ತವಾಯಿತು. 2022ರಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಸ್ತಬ್ಧವಾದವು. ಗೋಪ್ಯತೆ ಹೋಗುವುದಕ್ಕೂ ಒಡೆತನ ಹೋಗುವುದಕ್ಕೂ ಬೇರು ಒಂದೇ: ಉಪಕರಣ ನಮ್ಮ ಮನೆಯಲ್ಲಿದ್ದರೂ ಅದರ ಬುದ್ಧಿ ಬೇರೆಯವರ ಕೈಯಲ್ಲಿದೆ.

ಇದಕ್ಕೆ ಉತ್ತರ ಹುಟ್ಟಿದ್ದು ದೊಡ್ಡ ಪ್ರಯೋಗಾಲಯದಲ್ಲಿ ಅಲ್ಲ. ನೆದರ್ಲೆಂಡ್ಸ್ ಮೂಲದ ಪೌಲಸ್ ಸ್ಕೌಟ್ಸೆನ್ ಎಂಬ ಪ್ರೋಗ್ರಾಮರ್ ಫಿಲಿಪ್ಸ್ ಹ್ಯೂ ಬಲ್ಬುಗಳನ್ನು ಸೂರ್ಯಾಸ್ತದ ಹೊತ್ತಿಗೆ ತಾನಾಗಿ ಹತ್ತಿಸಲು ಪೈಥಾನ್ ಭಾಷೆಯಲ್ಲಿ ಕೋಡ್ ಬರೆದು, 2013ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದೇ ‘ಹೋಮ್ ಅಸಿಸ್ಟೆಂಟ್’. ಸಾವಿರಾರು ಜನ ತಮ್ಮ ತಮ್ಮ ಉಪಕರಣಗಳಿಗೆ ಕೊಂಡಿ ಬರೆದು ಸೇರಿಸಿದರು. 2024ರಲ್ಲಿ ಅದರ ಒಡೆತನ ಸ್ವಿಟ್ಜರ್ಲೆಂಡಿನಲ್ಲಿ ನೋಂದಾಯಿತವಾದ ಓಪನ್ ಹೋಮ್ ಫೌಂಡೇಶನ್ನಿಗೆ ಹೋಯಿತು. ಹೀಗಾಗಿ ನಾಳೆ ಯಾವುದೋ ಕಂಪನಿ ಅದನ್ನು ಕೊಂಡುಬಿಡುವ ದಾರಿ ಮುಚ್ಚಿತು. ಅದು ಕೆಲಸ ಮಾಡುವ ರೀತಿ ಸರಳ. ಅಂಗೈ ಅಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಯುಎಸ್‌ಬಿ ಜಿಗ್‌ಬೀ ಡಾಂಗಲ್ ಸಿಕ್ಕಿಸಿದರೆ ಬಲ್ಬು, ಸೆನ್ಸರುಗಳು ನೇರ ಅದರೊಂದಿಗೇ ಮಾತಾಡುತ್ತವೆ. ಯಾವ ದೀಪ ಯಾವಾಗ ಹತ್ತಿತು ಎಂಬ ದಾಖಲೆ ಅದೇ ಪೆಟ್ಟಿಗೆಯ ಒಂದು ಫೈಲಿನಲ್ಲಿ ಕೂರುತ್ತದೆ. ನಾವು ಬೇರೆ ಹೇಳದಿದ್ದರೆ ಸುಮಾರು ಹತ್ತು ದಿನಕ್ಕಿಂತ ಹಳೆಯ ವಿವರಗಳನ್ನು ಅದೇ ಅಳಿಸುತ್ತ ಹೋಗುತ್ತದೆ. ರೂಟರಿನಿಂದ ಇಂಟರ್ನೆಟ್ ವೈರು ಕಿತ್ತರೂ ಸಂಜೆಯ ದೀಪ ಹತ್ತುತ್ತದೆ. ದೊಡ್ಡ ಕಂಪನಿಗಳೇ ಸೇರಿ 2022ರಲ್ಲಿ ತಂದ ‘ಮ್ಯಾಟರ್’ ಮಾನದಂಡವೂ ಮನೆಯೊಳಗಿನ ನೇರ ಸಂಪರ್ಕವನ್ನೇ ಆಧಾರವಾಗಿಸಿಕೊಂಡಿದೆ.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಭದ್ರತೆಯಲ್ಲಿ ಪಳಗಿದ ಕಂಪನಿಗಿಂತ ಹವ್ಯಾಸಿಯ ಪೆಟ್ಟಿಗೆ ಹೇಗೆ ಸುರಕ್ಷಿತ ಎಂಬುದು ಮೊದಲನೆಯದು. 2017ರಿಂದ ಒಳಗೇ ಇದ್ದ ಗಂಭೀರ ದೋಷವೊಂದು ಹೋಮ್ ಅಸಿಸ್ಟೆಂಟಿನಲ್ಲೂ 2023ರಲ್ಲಿ ಪತ್ತೆಯಾಗಿ, ತುರ್ತಾಗಿ ಸರಿಪಡಿಸಬೇಕಾಯಿತು. ಸ್ಥಳೀಯ ಎಂದ ಮಾತ್ರಕ್ಕೆ ಸುಭದ್ರ ಅಲ್ಲ. ಅಪ್‌ಡೇಟ್ ಮಾಡಬೇಕು, ಅದನ್ನು ಕಂಡಕಂಡವರಿಗೆ ಸಿಗುವಂತೆ ಇಂಟರ್ನೆಟ್ಟಿಗೆ ತೆರೆದಿಡಬಾರದು. ಆದರೆ ಹಾನಿಯ ಅಳತೆ ಬೇರೆ. 2024ರಲ್ಲಿ ವೈಜ್ ಕಂಪನಿಯ ಒಂದೇ ಎಡವಟ್ಟಿನಿಂದ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಕ್ಯಾಮೆರಾ ಚಿತ್ರಗಳು ಕಾಣಿಸಿದವು. ಮನೆಯ ಪೆಟ್ಟಿಗೆ ಎಡವಿದರೆ ಬಯಲಾಗುವುದು ಒಂದು ಮನೆ. ಎರಡನೆಯ ಆಕ್ಷೇಪ, ಇದು ಕಂಪ್ಯೂಟರ್ ಬಲ್ಲವರ ಆಟ ಎಂಬುದು. ಇಂದಿಗೆ ಅದು ಬಹುಮಟ್ಟಿಗೆ ನಿಜ. ಮಾತಿನ ಆಜ್ಞೆಯನ್ನು ಮನೆಯಲ್ಲೇ ಗ್ರಹಿಸುವ ಸೌಲಭ್ಯವೂ ಇನ್ನೂ ಪಳಗಬೇಕು. ಮೂರನೆಯದು ಹೆಚ್ಚು ಸೂಕ್ಷ್ಮ: ಕಂಪನಿ ನೋಡದಿದ್ದರೂ ಮನೆಯ ಯಜಮಾನ ನೋಡುತ್ತಾನಲ್ಲ? ಹೆಂಡತಿ, ಮಕ್ಕಳು, ಕೆಲಸಕ್ಕೆ ಬರುವವರು ಯಾವಾಗ ಬಂದರು, ಹೋದರು ಎಂಬುದು ಅವನ ಫೋನಿನಲ್ಲಿರುತ್ತದೆ. ಇದಕ್ಕೆ ಯಾವ ತಂತ್ರಾಂಶದಲ್ಲೂ ಮದ್ದಿಲ್ಲ. ಕ್ಯಾಮೆರಾ ಎಲ್ಲಿದೆ ಎಂದು ಎಲ್ಲರಿಗೂ ತಿಳಿಸುವುದು, ಕೋಣೆಯೊಳಗೆ ಇಡದಿರುವುದು ಮನೆಯವರೇ ಮಾಡಿಕೊಳ್ಳಬೇಕಾದ ಕಟ್ಟಳೆ.

ಕಾನೂನು ಇರುವಾಗ ಇಷ್ಟೆಲ್ಲ ಏಕೆ ಎನ್ನಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ಬಂದದ್ದು 2023ರಲ್ಲಿ, ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಹಕ್ಕು ಘೋಷಣೆಯಾಗಿ ನಿಯಮ ಬರಲು ಎಂಟು ವರ್ಷ ಹಿಡಿಯಿತು. ಕಾನೂನು ಬೇಕೇ ಬೇಕು, ಆದರೆ ಅದು ಬಹುಪಾಲು ಎಚ್ಚರಗೊಳ್ಳುವುದು ಮಾಹಿತಿ ಹೊರಗೆ ಹೋದ ಮೇಲೆ. ಹೊರಗೇ ಹೋಗದ ಮಾಹಿತಿಯನ್ನು ಕಾಯಲು ಯಾರ ಮಾತೂ ಬೇಡ, ಯಾವ ದಂಡವೂ ಬೇಡ. ಆದ್ದರಿಂದ ಮುಂದಿನ ಸಲ ಬಲ್ಬನ್ನೋ ಬೀಗವನ್ನೋ ಕ್ಯಾಮೆರಾವನ್ನೋ ಕೊಳ್ಳುವಾಗ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ಇಂಟರ್ನೆಟ್ ಇಲ್ಲದಿದ್ದರೆ ಇದು ಕೆಲಸ ಮಾಡುತ್ತದೆಯೇ? ಇಲ್ಲ ಎಂದರೆ, ಬೇರೆಯದನ್ನು ತೋರಿಸಲು ಹೇಳಿ.